ಅಕ್ಕ ಫೋನು ಮಾಡಿದ ಮನೆಗಳು

ವರದಿಯ ಕೊನೆಯ ಪುಟದಲ್ಲಿ ಮೂರು ಸಹಿಗಳಿಗೆ ಜಾಗವಿತ್ತು. ಎರಡು ಆಗಲೇ ಬಿದ್ದಿದ್ದವು, ಮೂರನೆಯದು ಗುಣಮಟ್ಟದ ಮುಖ್ಯಸ್ಥೆಯಾದ ನನ್ನದು. ಸೋಮವಾರ ಬೆಳಿಗ್ಗೆ ಅದು ಕೊಚ್ಚಿಯ ನಮ್ಮ ಲ್ಯಾಬಿಗೆ ಬಂದಾಗ ಜೊತೆಗೆ ಒಂದು ಸಾಲಿನ ಸಂದೇಶವಿತ್ತು: "ಗುರುವಾರ ಡಾಕ್ಟರ ಎದುರಿಗೆ ಇಡ್ಲಿಕ್ಕುಂಟು, ಇವತ್ತೇ ಸಹಿ ಹಾಕಿ ಕಳಿಸು." ಕಳಿಸಿದವರು ಈ ಕಂಪನಿಯನ್ನು ಕಟ್ಟಿದವರು, ಅದರ ಸಿಇಒ ಕೂಡ ಅವರೇ. ಆಫೀಸಿನಲ್ಲಿ ಎಲ್ಲರಿಗೂ ಅವರು ಮಲಯಾಳದ ಅಕ್ಕ, ಚೇಚಿ. ನನಗೊಬ್ಬಳಿಗೆ ಕನ್ನಡದ ಅಕ್ಕ, ಏಕೆಂದರೆ ನಾವಿಬ್ಬರೂ ಕಾಸರಗೋಡಿನ ಕಡೆಯವರು, ನಮ್ಮ ನಡುವೆ ಓಡುವುದು ಕನ್ನಡ.

ಅವಸರಪಡಿಸುವವರನ್ನು ಕಂಡರೆ ನನಗೆ ಅನುಮಾನ. ಅದು ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಮೊದಲು ಏಲೂರಿನ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ಪರೀಕ್ಷಿಸುತ್ತಿದ್ದೆ. ಮುಳ್ಳು ಅಲ್ಲಾಡದೆ ನಿಂತಿದೆ ಎಂದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ, ಮುಳ್ಳು ಸಿಕ್ಕಿಹಾಕಿಕೊಂಡಿರಬಹುದು ಎಂದು ಅಲ್ಲಿ ಕಲಿತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಸಂಬಳ ಕೊಟ್ಟು ನೌಕರಿಗೆ ಇಟ್ಟಂತೆ ನನ್ನ ಬಾಳು.

ನಮ್ಮ ಕಂಪನಿ ಮಾಡುವುದು ಒಂದೇ ವಸ್ತು. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಸಾಲದ ಕೂಸುಗಳು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಅವುಗಳ ಹೊಟ್ಟೆಗೆ ಕಟ್ಟುವ ಮೆತ್ತನೆಯ ಪಟ್ಟಿ. ಒಳಬದಿಯಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಸೆನ್ಸರ್ ಇರುತ್ತದೆ. ಇಂಥ ಕೂಸುಗಳಿಗೆ ಮೈಯ ಬಿಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ತಣ್ಣಗಾದರೆ ಅಳುವುದೂ ಇಲ್ಲ, ನಿದ್ದೆ ಹೋದಂತೆ ಕಾಣುತ್ತವೆ. ಚರ್ಮದ ಶಾಖ ಮೂವತ್ತಾರು ಡಿಗ್ರಿಗಿಂತ ಕೆಳಗೆ ಹತ್ತು ನಿಮಿಷ ಉಳಿದರೆ ಪಟ್ಟಿ ಕೂಗುತ್ತದೆ, ತಾಯಿಯ ಫೋನು ಕೂಗುತ್ತದೆ, ಅದರ ಜೊತೆಗೆ ಅಕ್ಕನ ಫೋನು ಕೂಡ.

ಈ ಕೊನೆಯದು ಅಕ್ಕನದೇ ಏರ್ಪಾಡು. ಯಾವ ಮನೆಯಲ್ಲಿ ಪಟ್ಟಿ ಕೂಗಿದರೂ ಅವರೇ ಸ್ವತಃ ಆ ತಾಯಿಗೆ ಫೋನು ಮಾಡುತ್ತಾರೆ. ಮೀಟಿಂಗಿನಲ್ಲಿರಲಿ, ಊಟದಲ್ಲಿರಲಿ, ಎದ್ದು ಹೋಗುತ್ತಾರೆ. ಅವರ ಮೊದಲ ಮಗು ಹಾಗೇ ತಣ್ಣಗಾಗಿ, ಊರಿನಿಂದ ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಅವರ ಮಡಿಲಲ್ಲೇ ಹೋಯಿತು. ಕಂಪನಿ ಹುಟ್ಟಿದ್ದು ಆ ದಾರಿಯಲ್ಲಿ ಎಂದು ಅವರು ಸಭೆಗಳಲ್ಲಿ ಹೇಳುತ್ತಾರೆ. ಪಟ್ಟಿಯ ಜೊತೆ ಕೊಡುವ ಚೀಟಿಯಲ್ಲೂ ಅದು ಅಚ್ಚಾಗಿದೆ. ನಾನು ಆ ಮಾತನ್ನು ಹತ್ತಾರು ಸಲ ಕೇಳಿದ್ದೇನೆ. ಪ್ರತಿ ಸಲವೂ ಅವರು ಒಂದೇ ಜಾಗದಲ್ಲಿ ಉಸಿರು ಹಿಡಿದು ನಿಲ್ಲಿಸುತ್ತಾರೆ. ದುಃಖ ನಿಜ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದೇ ಜಾಗದಲ್ಲಿ ನಿಲ್ಲುವುದು ಏಕೆ ಎಂದು ನನ್ನ ಹಾಳು ಬುದ್ಧಿ ಪ್ರತಿ ಸಲ ಕೇಳುತ್ತಿತ್ತು.

ವರದಿ ಮೂವತ್ತೆರಡು ಕೂಸುಗಳದ್ದು, ತಲಾ ಮೂರು ವಾರ; ಪಟ್ಟಿಗಳು ಇನ್ನೂ ಅವುಗಳ ಮನೆಗಳಲ್ಲೇ ಇದ್ದವು. ಅದು ಸರಿಯಾಗಿದ್ದರೆ ಇಂಥ ಕೂಸುಗಳನ್ನು ಈಗಿನದಕ್ಕಿಂತ ನಾಲ್ಕು ದಿನ ಮೊದಲೇ ಮನೆಗೆ ಕಳಿಸಿ ನೋಡಬಹುದು ಎಂದು ತಿರುವನಂತಪುರದ ಉಳ್ಳೂರಿನ ಹತ್ತಿರದ ಒಂದು ಆಸ್ಪತ್ರೆಯ ಶಿಶುವೈದ್ಯರು ಯೋಚಿಸಿದ್ದರು. ನಾಲ್ಕು ದಿನ ಎಂದರೆ ಬೆಚ್ಚಗಿನ ವಾರ್ಡಿನ, ನರ್ಸುಗಳ ಕಣ್ಣೆದುರಿನ ನಾಲ್ಕು ದಿನ. ಅವುಗಳ ಬದಲಿಗೆ ನಮ್ಮ ಪಟ್ಟಿ. ನನ್ನ ಸಹಿಯ ಅರ್ಥ ಇಷ್ಟೇ: ಈ ಪಟ್ಟಿಯನ್ನು ನಂಬಿ ಕೂಸನ್ನು ಮನೆಗೆ ಕಳಿಸಬಹುದು.

ದೂರುಗಳ ಪುಟ ತೆರೆದೆ. "ದೂರುಗಳು: ಇಲ್ಲ" ಎಂದಿತ್ತು. ಮೂವತ್ತೆರಡು ಮನೆ, ಒಂದೂ ದೂರಿಲ್ಲ. ಮದುವೆ ಮನೆಯ ಪಾಯಸಕ್ಕೂ ನಾಲ್ಕು ಜನ ಸಿಹಿ ಹೆಚ್ಚಾಯಿತು ಅನ್ನುತ್ತಾರೆ. ನಾನು ವರದಿ ಮುಚ್ಚಿ, ಗ್ರಾಫುಗಳನ್ನು ಒಂದೊಂದಾಗಿ ತೆರೆಯುತ್ತ ಕೂತೆ.

ಇಪ್ಪತ್ತೊಂದು ಗ್ರಾಫುಗಳು ನಾನು ಬಲ್ಲಂಥವೇ. ಬೆಳಿಗ್ಗೆ ಒಂದು ಹೊತ್ತಿನಲ್ಲಿ ಗೆರೆ ದಡಕ್ಕನೆ ಇಳಿದು ಮತ್ತೆ ಏರುತ್ತದೆ. ಅದು ಕೂಸಿನ ಮೈ ಒರೆಸುವ ಹೊತ್ತು. ತೂಕ ಬರುವ ತನಕ ಸ್ನಾನ ಬೇಡ, ಎಣ್ಣೆ ಬೇಡ, ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಎಂದು ಆಸ್ಪತ್ರೆಯವರು ಹೇಳಿರುತ್ತಾರೆ. ಒರೆಸಲಿಕ್ಕೂ ಪಟ್ಟಿ ಬಿಚ್ಚಲೇಬೇಕು, ಬಿಚ್ಚಿದರೆ ಗೆರೆ ಇಳಿಯಲೇಬೇಕು. ಉಳಿದ ಹನ್ನೊಂದರಲ್ಲಿ ಮೊದಲ ವಾರದ ನಂತರ ಬೆಳಗಿನ ಆ ಇಳಿತವೇ ಇರಲಿಲ್ಲ. ಇಡೀ ದಿನ ಮೂವತ್ತಾರೂವರೆಯ ಸುತ್ತಮುತ್ತ, ಸಮುದ್ರದ ದಿಗಂತದ ಹಾಗೆ ನೆಟ್ಟಗೆ. ವರದಿಯಲ್ಲಿ ಅಕ್ಕ ಅವುಗಳನ್ನು "ಸೂಚನೆ ಪಾಲಿಸಿದ ಆದರ್ಶ ಮನೆಗಳು" ಎಂದು ಬರೆದಿದ್ದರು.

ಅವುಗಳಲ್ಲಿ ಹದಿನೇಳನೆಯ ನಂಬರಿನ ಕೂಸಿನದು ಇನ್ನೂ ವಿಚಿತ್ರ. ಬೆಳಿಗ್ಗೆ ಇಳಿತವಿಲ್ಲ, ಆದರೆ ಸಂಜೆ ಸುಮಾರು ಆರೂಕಾಲಕ್ಕೆ ಎಂಟು ನಿಮಿಷ ಗೆರೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಎರಡನೆಯ ವಾರದಿಂದ ಎಲ್ಲ ದಿನವೂ. ಒಂಬತ್ತು ನಿಮಿಷ ಆದದ್ದು ಎರಡೇ ಸಲ, ಹತ್ತು ಒಮ್ಮೆಯೂ ಇಲ್ಲ. ಹತ್ತಾದರೆ ಪಟ್ಟಿ ಕೂಗುತ್ತದೆ ಎಂದು ಗೊತ್ತಿದ್ದವರು ಯಾರೋ ಕೂತು ಬರೆದ ಗೆರೆಯಂತಿತ್ತು ಅದು. ಯಾವ ಕೂಸೂ ಗಡಿಯಾರ ನೋಡಿ ತಣ್ಣಗಾಗುವುದಿಲ್ಲ.

ಮೊದಲು ಹೊಳೆದದ್ದನ್ನು ಮುಚ್ಚಿಡುವುದಿಲ್ಲ. ಅಕ್ಕ ಅಂಕಿಗಳನ್ನು ತಯಾರು ಮಾಡಿದ್ದಾರೆ ಎಂದೇ ನಾನು ನಂಬಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದು ಗಟ್ಟಿಯಾಗಿ ನಂಬಿದವರಿಗೆ ಸಣ್ಣ ಸುಳ್ಳು ಸುಳ್ಳೆನಿಸುವುದಿಲ್ಲ. ಫೋನು ಮಾಡಿದೆ.

"ಅಕ್ಕ, ಈ ಹದಿನೇಳನೇದು ಎಂತ?"

"ಅದಾ? ಚಂದ ಉಂಟಲ್ಲ ಗ್ರಾಫು. ಆ ಮನೆಯಲ್ಲಿ ಅಮ್ಮೂಮ್ಮ ಇದ್ದಾರೆ, ಕೂಸಿನ ಅಜ್ಜಿ. ಅವರಷ್ಟು ಶಿಸ್ತು ಯಾರಿಗೂ ಇಲ್ಲ. ಮೊದಲ ವಾರ ನಾನು ದಿನಾ ಫೋನು ಮಾಡ್ತಿದ್ದೆ, ಆಮೇಲೆ ಪಟ್ಟಿ ಕೂಗಿದ್ದೇ ಇಲ್ಲ."

"ಸಂಜೆಯ ಇಳಿತ?"

"ನಿನಗೆ ಎಲ್ಲದರಲ್ಲೂ ಸಂಶಯ ಮಾರಾಯ್ತಿ. ಕೂಸು ಬದುಕಿದ್ದರೂ ಯಾಕೆ ಬದುಕಿದೆ ಅಂತ ಕೇಳುವವಳು ನೀನು. ಸಹಿ ಹಾಕು."

ಹಾಕಲಿಲ್ಲ. ಮಂಗಳವಾರ ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಹೊರಟೆ.

ನಮ್ಮ ಮುಖ್ಯ ಆಫೀಸು ಕಳಕ್ಕೂಟಂನಲ್ಲಿದೆ. ಅಕ್ಕ ಅಂದು ಒಂದು ಸಭೆಗೆ ಹೋಗಿದ್ದರು, ಅದೇ ಒಳ್ಳೆಯದಾಯಿತು. ಆಫೀಸಿನ ದಿನನಿತ್ಯದ ವ್ಯವಹಾರ ನೋಡುವ ಆಪರೇಷನ್ಸ್ ಮುಖ್ಯಸ್ಥರು ಸರ್ವರಿನಲ್ಲಿದ್ದ ಮೂಲ ದಾಖಲೆ ತೋರಿಸಿದರು. ಮೊಬೈಲ್ ಕಂಪನಿಯೊಂದರಿಂದ ಬಂದ ಮನುಷ್ಯ, ಮಾತು ಕಡಿಮೆ, ಇಸ್ತ್ರಿ ಜಾಸ್ತಿ. ನಾನು ಪಟ್ಟಿಯ ನಂಬರು, ತಾಯಿಯ ಫೋನಿನಿಂದ ದಾಖಲೆ ಬಂದ ಹೊತ್ತು, ಬ್ಯಾಟರಿಯ ಇಳಿತ, ಎಲ್ಲವನ್ನೂ ತಾಳೆ ಹಾಕಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಸ್ಪಷ್ಟವಾಯಿತು. ಯಾರೂ ಏನನ್ನೂ ತಿದ್ದಿರಲಿಲ್ಲ. ಪ್ರತಿಯೊಂದು ಅಂಕಿಯೂ ಆ ಮನೆಯಿಂದಲೇ ಬಂದಿತ್ತು, ಪಟ್ಟಿ ನಿಜವಾಗಿಯೂ ಒಂದು ಬೆಚ್ಚಗಿನ ಮೈಯ ಮೇಲಿತ್ತು.

ಅಕ್ಕನ ಮೇಲಿನ ಸಂಶಯ ತೀರಿದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸುಳ್ಳು ಹೇಳುತ್ತಿರುವುದು ಅಂಕಿಯಲ್ಲ ಎಂದಾದರೆ ಆ ಬೆಚ್ಚಗಿನ ಮೈ ಯಾರದು?

ಸಂಜೆ ಆರಕ್ಕೆ ಆ ಮನೆ ತಲುಪುವಂತೆ ಆಟೋ ಹಿಡಿದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಮೊದಲೇ ಫೋನು ಹೋಗುತ್ತಿತ್ತು.

ಚಿಕ್ಕ ಮನೆ, ಗುಡಿಸಿದ ಅಂಗಳ. ಬಾಗಿಲು ತೆಗೆದದ್ದು ಕೂಸಿನ ತಾಯಿ, ಇಪ್ಪತ್ತೆರಡರ ಆಸುಪಾಸಿನ ಹುಡುಗಿ. ಕಂಪನಿಯಿಂದ ಬಂದಿದ್ದೇನೆ ಎಂದ ಕೂಡಲೇ ಮುಖ ಬಾಡಿತು. ಒಳಗಿನ ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಗಡಿಯಾರ ನೋಡಿದೆ, ಆರು ಹದಿನಾರು. ಆರು ಇಪ್ಪತ್ತಮೂರಕ್ಕೆ ಅಮ್ಮೂಮ್ಮ ಒದ್ದೆ ಕೂದಲಿನಲ್ಲಿ ಹೊರಬಂದರು, ಕಿಟಕಿಯ ಮೇಲಿಟ್ಟಿದ್ದ ನಮ್ಮ ಪಟ್ಟಿಯನ್ನು ತೆಗೆದುಕೊಂಡರು, ಬೆನ್ನು ತಿರುಗಿಸಿ ರವಿಕೆಯೊಳಗೆ ಕಂಕುಳ ಹತ್ತಿರ ತುರುಕಿಕೊಂಡರು. ಆಮೇಲೆ ದೀಪ ಹಚ್ಚಲು ತಿರುಗಿದವರಿಗೆ ನಾನು ಕಂಡೆ.

ಸಂಜೆಯ ದೀಪಕ್ಕೆ ಮುಂಚಿನ ಸ್ನಾನ. ಅದೇ ಆ ಎಂಟು ನಿಮಿಷ.

ನಾನು ಏನನ್ನೂ ಕೇಳದೆ ಕೂಸಿನ ಬಳಿ ಹೋದೆ. ಅದು ಚಾಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಪಾದ ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆ ಮುಟ್ಟಿದೆ, ಅದೂ ತಣ್ಣಗಿತ್ತು. "ಹಾಲು ಕುಡಿದದ್ದು ಯಾವಾಗ?" ಎಂದೆ. "ಮಧ್ಯಾಹ್ನದಿಂದ ಸರಿಯಾಗಿ ಕುಡಿದಿಲ್ಲ, ನಿದ್ದೆ ಮಾಡ್ತಾ ಉಂಟು" ಎಂದಳು ತಾಯಿ. ಬಿಸಿಯ ಬಗ್ಗೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ತಣ್ಣಗಾದ ಕೂಸನ್ನು ಮುಟ್ಟಿದ್ದು ಅದೇ ಮೊದಲು.

ಕೂಸಿನ ಬಟ್ಟೆ ಬಿಚ್ಚಿಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಎರಡು ಸೀರೆ ಸುತ್ತಿ, ಕಾಯುತ್ತಿದ್ದ ಆಟೋದಲ್ಲೇ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಮ್ಮೂಮ್ಮ ನನ್ನ ಪಕ್ಕ ಕೂತು ಹೇಳುತ್ತಲೇ ಇದ್ದರು. ಅವರ ಮಲಯಾಳವನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಮೋಳೇ, ಮಗಳೇ, ಕಟ್ಟಿದ ಕೂಡ್ಲೇ ಅದು ಬೊಬ್ಬೆ ಹೊಡಿತದೆ. ದಿನಕ್ಕೆ ಐದು ಸಲ, ಆರು ಸಲ. ಕೂಸಿನ ಮೈ ಬೆಚ್ಚಗೇ ಇರ್ತದೆ, ಆದ್ರೂ ಬೊಬ್ಬೆ. ಅಷ್ಟರಲ್ಲಿ ಆ ಮೇಡಂ ಫೋನು. ಅವರು ಅಳ್ತಾರೆ ಮೋಳೇ. ಮಗು ಹೇಗಿದೆ, ಮಗು ಹೇಗಿದೆ ಅಂತ ಗಂಟಲು ಕಟ್ಟಿ ಕೇಳ್ತಾರೆ. ಅವರ ಮಗುವೇ ಹೋಗಿದೆಯಲ್ಲ. ಅವರನ್ನು ದಿನಾ ಅಳಿಸುದು ಪಾಪ ಅಲ್ವಾ? ನನ್ನ ಹತ್ರ ಇದ್ರೆ ಅದು ಸುಮ್ಮನಿರ್ತದೆ. ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ ಅಂತ."

"ಕೂಸಿಗೆ ಎಣ್ಣೆ ಹಚ್ಚುತ್ತೀರಾ?" ಎಂದು ಕೇಳಿದೆ.

"ಹಚ್ಚದೆ ಹೇಗೆ? ಡಾಕ್ಟರಿಗೆ ಹೇಳ್ಬೇಡ."

ಕೂಸನ್ನು ಒಳಗೆ ಬೆಚ್ಚಗಿನ ಯಂತ್ರದ ಕೆಳಗೆ ಮಲಗಿಸಿದರು. ಒಂದು ಗಂಟೆಯ ಮೇಲೆ ನರ್ಸು ಹೊರಬಂದು, ಮೈ ಬಿಸಿಯಾಗುತ್ತಿದೆ, ಬಾಯಿ ಆಡಿಸುತ್ತಿದೆ ಎಂದರು. ತಾಯಿ ಗೋಡೆಗೆ ಹಣೆ ಹಚ್ಚಿ ಅತ್ತಳು. ನಾನು ಅಮ್ಮೂಮ್ಮನಿಂದ ಪಟ್ಟಿ ಇಸಿದುಕೊಂಡು ಹೊರಗಿನ ಬೆಳಕಿಗೆ ಹಿಡಿದೆ. ಸೆನ್ಸರನ್ನು ಕೂರಿಸಿದ ಮೆದು ರಬ್ಬರು ಎಣ್ಣೆ ಕುಡಿದು ಉಬ್ಬಿತ್ತು. ಗುಂಡಿ ಒಂದು ಬದಿಯಲ್ಲಿ ಮೇಲೆದ್ದಿತ್ತು. ಅದು ಕೂಸಿನ ಚರ್ಮವನ್ನಲ್ಲ, ಚರ್ಮದ ಪಕ್ಕದ ಗಾಳಿಯನ್ನು ಅಳೆಯುತ್ತಿತ್ತು. ಅದಕ್ಕೇ ಸುಳ್ಳು ಕೂಗು.

ಇಲ್ಲಿ ಕಳ್ಳಿ ನಾನೇ. ಆ ರಬ್ಬರನ್ನು ಬೆವರಿನಲ್ಲಿ, ಉಪ್ಪುನೀರಿನಲ್ಲಿ, ಸಾಬೂನಿನಲ್ಲಿ, ಮೂತ್ರದಲ್ಲಿ ನೆನೆಸಿ ಪರೀಕ್ಷಿಸಿದವಳು ನಾನು. ಆ ಪರೀಕ್ಷೆಗಳ ಯಾದಿ ಎಲ್ಲೋ ಚಳಿದೇಶದಲ್ಲಿ ತಯಾರಾದದ್ದು, ಅದರಲ್ಲಿ ತೆಂಗಿನೆಣ್ಣೆ ಇರಲಿಲ್ಲ. ಆಸ್ಪತ್ರೆಯ ಸೂಚನೆಯಲ್ಲಿ ಎಣ್ಣೆ ಬೇಡ ಎಂದಿದೆ, ಆದ್ದರಿಂದ ಎಣ್ಣೆ ಇಲ್ಲ ಎಂದು ನಾವೆಲ್ಲ ಒಪ್ಪಿಕೊಂಡೆವು. ನಮ್ಮ ಲ್ಯಾಬಿನಲ್ಲಿ ಹನ್ನೆರಡು ಜನ. ಹನ್ನೆರಡೂ ಜನ ಅಜ್ಜಿಯ ಕಾಲಮೇಲೆ ಮಲಗಿ, ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿಸಿಕೊಂಡು ಬೆಳೆದವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಮಗೆ ಅದು ಗಿಡವಾಗಿಯೂ ಕಾಣಿಸಲಿಲ್ಲ.

ಬುಧವಾರ ಬೆಳಿಗ್ಗೆ ಪಟ್ಟಿಯನ್ನು ಅಕ್ಕನ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಆಪರೇಷನ್ಸ್ ಮುಖ್ಯಸ್ಥರೂ ಇದ್ದರು. ಮೊದಲು ಮಾತಾಡಿದವರು ಅವರೇ, ಇಂಗ್ಲಿಷಿನಲ್ಲಿ. ನಮ್ಮ ವಸ್ತುವಿನಲ್ಲಿ ದೋಷವಿಲ್ಲ, ಸೂಚನೆ ಮೀರಿ ಎಣ್ಣೆ ಹಚ್ಚಿದ್ದು ಬಳಸಿದವರ ತಪ್ಪು, ವರದಿಯಲ್ಲಿ ಹನ್ನೊಂದು ಮನೆಗಳನ್ನು ಬಿಟ್ಟು ಇಪ್ಪತ್ತೊಂದನ್ನು ಉಳಿಸಿಕೊಂಡರೆ ಸಾಕು ಎಂದರು. ಅವರ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂತು.

ಅಕ್ಕ ಕೇಳಿದ್ದು ಬೇರೆ. "ಕೂಸು ಹೇಗುಂಟು?"

"ಚೆನ್ನಾಗುಂಟು. ಬೆಳಿಗ್ಗೆ ಹಾಲು ಕುಡಿದಿದೆ."

ಅವರು ಪಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು, "ಅದು ಒಂದು ಮನೆ ಮಾತ್ರ ಆಗಿರ್ಬೇಕು. ಉಳಿದವರು ನನಗೆ ಸುಳ್ಳು ಹೇಳ್ಲಿಕ್ಕಿಲ್ಲ. ಪ್ರತಿಯೊಬ್ಬ ತಾಯಿಯ ಹತ್ರವೂ ನಾನೇ ಮಾತಾಡಿದ್ದೇನೆ."

"ನೀವು ಮಾತಾಡಿದ್ದರಿಂದಲೇ ಅಕ್ಕ."

"ಎಂತ ಹಾಗೆಂದರೆ?" ಅವರ ದನಿ ಏರಿತು. ನನ್ನೆದುರಿಗೇ ಆ ಹನ್ನೊಂದರಲ್ಲಿ ಇನ್ನೊಂದು ಮನೆಯ ನಂಬರು ಒತ್ತಿ ಸ್ಪೀಕರ್ ಹಾಕಿದರು. ಆ ತಾಯಿ ಎತ್ತಿದಳು. ಏನಾದರೂ ತೊಂದರೆ ಉಂಟಾ ಮೋಳೇ, ಪಟ್ಟಿ ಕಟ್ಟುತ್ತಿದ್ದೀಯಾ ಎಂದು ಅಕ್ಕ ಕೇಳಿದರು. "ಏನೂ ತೊಂದರೆ ಇಲ್ಲ ಚೇಚಿ, ಕಟ್ತಾ ಇದ್ದೇನೆ. ನಿಮ್ಮನ್ನು ದೇವರೇ ಕಳಿಸಿದ್ದು" ಎಂದಳು ಅವಳು. ಅಕ್ಕ ಫೋನಿಟ್ಟು ನನ್ನ ಮುಖ ನೋಡಿದರು.

ನಾನು ಹದಿನೈದು ನಿಮಿಷ ಕಾದು ಅದೇ ನಂಬರಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ನನ್ನದು ಒರಟು ಮಲಯಾಳ. ಕಂಪನಿಯಲ್ಲಿ ದೂರು ಬರೆದುಕೊಳ್ಳುವವಳು ನಾನು, ಈ ಪಟ್ಟಿಯಲ್ಲಿ ಏನೇನು ಹಾಳಿದೆ ಹೇಳು, ಚೇಚಿಯ ಹೆಸರು ಎತ್ತಬೇಡ ಎಂದೆ. ಸ್ಪೀಕರ್ ಹಾಕಿದ್ದೆ. ಆ ಕಡೆ ಕಟ್ಟೆಯೊಡೆಯಿತು.

"ಎಷ್ಟು ದಿನದಿಂದ ಯಾರಾದ್ರೂ ಕೇಳ್ತಾರಾ ಅಂತ ಕಾಯ್ತಿದ್ದೇನೆ. ಸುಮ್ಮಸುಮ್ಮನೆ ಕೂಗಿ ಕೂಸು ಬೆಚ್ಚಿಬೀಳ್ತದೆ. ನಾನೇ ಕಟ್ಟಿಕೊಂಡು ಕೂತಿದ್ದೇನೆ ಎರಡು ವಾರದಿಂದ. ನೀವು ಮಾಡಿದ್ದು ಪಟ್ಟಿಯಾ ಶನಿಯಾ?"

"ಚೇಚಿಗೆ ಯಾಕೆ ಹೇಳಲಿಲ್ಲ?"

"ಅವರಿಗೆ ಹೇಳುದು ಹೇಗೆ? ಈಗ ಸ್ವಲ್ಪ ಮುಂಚೆಯೂ ಫೋನು ಬಂದಿತ್ತು. ಅವರ ಮನಸ್ಸು ನೋಯಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಇವತ್ತೇ ಕೂಸನ್ನು ಆಸ್ಪತ್ರೆಗೆ ತೋರಿಸು, ಪಟ್ಟಿಯನ್ನು ನಂಬಬೇಡ ಎಂದು ಹೇಳಿ ಇಟ್ಟೆ. ಆ ದಿನ ಸಂಜೆಯವರೆಗೆ ನಾನು ಒಂದೊಂದೇ ಮನೆಗೆ ಫೋನು ಮಾಡಿದೆ, ಅಕ್ಕ ಪಕ್ಕದಲ್ಲಿ ಕೂತು ಬೈಗುಳ ಕೇಳಿದರು. ಆದರ್ಶ ಮನೆಗಳು ಹನ್ನೊಂದೂ ಹೀಗೆಯೇ. ಇನ್ನುಳಿದ ಇಪ್ಪತ್ತೊಂದರಲ್ಲೂ ಹಲವರು ದಿನದ ಅರ್ಧ ಹೊತ್ತು ಯಾರ್ಯಾರಿಗೋ ಕಟ್ಟುತ್ತಿದ್ದರು. ನನ್ನ ಮನಸ್ಸು ನೋಯಿಸಲು ಯಾರಿಗೂ ಸಂಕೋಚವಾಗಲಿಲ್ಲ. ಆ ಕೆಲಸಕ್ಕೆ ನನ್ನಂಥವಳೇ ಬೇಕಿತ್ತು ಎಂದು ಒಳಗೊಳಗೇ ಜಂಭಪಟ್ಟೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಗುರುವಾರ ಡಾಕ್ಟರ ಕೋಣೆಗೆ ಹೋಗುವಾಗ ನನ್ನ ಚೀಲದಲ್ಲಿ ನನ್ನದೇ ಎರಡು ಪುಟದ ಟಿಪ್ಪಣಿ ಇತ್ತು. ಅಕ್ಕ ಏನಾದರೂ ಬಿಟ್ಟರೆ ಅದನ್ನು ಮೇಜಿನ ಮೇಲಿಡುವುದು ಎಂದು ರಾತ್ರಿಯೇ ತೀರ್ಮಾನಿಸಿದ್ದೆ. ಆದರೆ ಅಕ್ಕ ಏನನ್ನೂ ಬಿಡಲಿಲ್ಲ. ರಬ್ಬರು, ಎಣ್ಣೆ, ಅಜ್ಜಿಯ ಕಂಕುಳು, ತಣ್ಣಗಾದ ಕೂಸು, ತನಗೆ ಯಾರೂ ಸತ್ಯ ಹೇಳದಿದ್ದದ್ದು, ಎಲ್ಲವನ್ನೂ ಹೇಳಿದರು. ತನ್ನ ಮಗುವಿನ ಸುದ್ದಿ ಎತ್ತಲಿಲ್ಲ. ನನಗೆ ಅವರ ಮೇಲೆ ಅಭಿಮಾನ ಉಕ್ಕಿತು. ಚೀಲದ ಜಿಪ್ಪು ಹಾಕಿದೆ.

ಆಗ ಅವರು ಮುಂದುವರಿದರು. "ಆದರೆ ಡಾಕ್ಟರ್, ತಪ್ಪು ಎಲ್ಲಿ ಅಂತ ಈಗ ಗೊತ್ತಾಗಿದೆ. ಹೊಸ ರಬ್ಬರು ಒಂದು ತಿಂಗಳಲ್ಲಿ ಬರ್ತದೆ. ಅಲ್ಲಿಯವರೆಗೆ ಎಣ್ಣೆ ಹಚ್ಚದ ಹಾಗೆ ನಾನೇ ಪ್ರತಿ ಮನೆಗೆ ದಿನಾ ಎರಡು ಸಲ ಫೋನು ಮಾಡ್ತೇನೆ. ನಾಲ್ಕು ದಿನದ ಯೋಜನೆ ಮಾತ್ರ ನಿಲ್ಲಿಸ್ಬೇಡಿ. ವಾರ್ಡಿನಲ್ಲಿ ಜಾಗ ಇಲ್ಲದೆ ಹೊರಗೆ ಕಾಯುವ ಕೂಸುಗಳನ್ನು ನೆನೆಸಿಕೊಳ್ಳಿ."

ದನಿ ಗದ್ಗದವಾಗಿತ್ತು, ನಿಜವಾದ ಗದ್ಗದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ಮೆತ್ತಗಾಗುವುದನ್ನು ಕಂಡೆ. ಆ ತಾಯಂದಿರ ಮುಖವೂ ಫೋನಿನ ಆ ಕಡೆ ಹೀಗೆಯೇ ಆಗುತ್ತಿದ್ದಿರಬೇಕು. ಇನ್ನೊಂದು ನಿಮಿಷ ಸುಮ್ಮನಿದ್ದರೆ ಈ ಕೋಣೆಯಲ್ಲೂ ಯಾರೂ ಅವರ ಮನಸ್ಸು ನೋಯಿಸುವುದಿಲ್ಲ ಎಂದು ಹೊಳೆಯಿತು.

"ಸಾರ್, ನಿಲ್ಲಿಸಿ" ಎಂದೆ. "ನಾನು ಇದಕ್ಕೆ ಸಹಿ ಹಾಕುವುದಿಲ್ಲ. ಈಗಿರುವ ಪಟ್ಟಿಗಳನ್ನು ಇವತ್ತೇ ವಾಪಸು ತರಿಸುತ್ತೇವೆ. ಒಂದು ಕೂಸನ್ನೂ ಇದನ್ನು ನಂಬಿ ಮನೆಗೆ ಕಳಿಸಬೇಡಿ."

ಅಕ್ಕ ತಿರುಗಿ ನೋಡಿದರು. ನಾನು ಡಾಕ್ಟರನ್ನೇ ನೋಡುತ್ತ ಕೂತೆ. ಅವರು ಕನ್ನಡಕ ಹಾಕಿಕೊಂಡು, ಯೋಜನೆಯ ಕಡತವನ್ನು ಮುಚ್ಚಿ ಬದಿಗಿಟ್ಟರು. ಹೊರಗೆ ಕಾರಿನಲ್ಲಿ ಅಕ್ಕ ನನ್ನೊಡನೆ ಒಂದು ಮಾತೂ ಆಡಲಿಲ್ಲ. ನಾನು ರೈಲ್ವೆ ಸ್ಟೇಷನ್ನಿನಲ್ಲಿ ಇಳಿದಾಗ ಮಾತ್ರ, "ಊಟ ಮಾಡಿ ಹೋಗು" ಎಂದರು. ಅದಕ್ಕೇ ನನಗೆ ಕಣ್ಣೀರು ಬಂತು.

ಒಂದು ವಾರದ ಮೇಲೆ ಹೂಡಿಕೆದಾರರ ಪರವಾಗಿ ಆಡಳಿತ ಮಂಡಳಿಯಲ್ಲಿದ್ದವರೊಬ್ಬರು ಫೋನು ಮಾಡಿದರು. ಅಕ್ಕ ದೊಡ್ಡ ಮನಸ್ಸಿನವರು, ಸಂಸ್ಥಾಪಕಿಯಾಗಿ ಪೂಜ್ಯರು, ಆದರೆ ಸಿಇಒ ಕುರ್ಚಿಗೆ ಆಪರೇಷನ್ಸ್ ಮುಖ್ಯಸ್ಥರು ಸೂಕ್ತವಲ್ಲವೇ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಪೂಜ್ಯರು ಎಂಬ ಮಾತು ಕೇಳಿದಾಗಲೇ ನನ್ನ ಕಿವಿ ನೆಟ್ಟಗಾಯಿತು. ದೇವರನ್ನು ಗರ್ಭಗುಡಿಯಲ್ಲಿಟ್ಟು ಬೀಗ ಹಾಕುವವರು ಆಡುವ ಮಾತು ಅದು.

ಎರಡು ದಿನ ನನ್ನನ್ನೇ ಕೇಳಿಕೊಂಡೆ. ಅಕ್ಕನನ್ನು ನಂಬಲಾರೆ, ಅವರಿಗೆ ಕೆಟ್ಟ ಸುದ್ದಿ ತಲುಪುವುದಿಲ್ಲ, ತಲುಪಿದರೂ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಆಪರೇಷನ್ಸ್ ಮುಖ್ಯಸ್ಥರನ್ನೂ ನಂಬಲಾರೆ, ಅವರು ಹನ್ನೊಂದು ಮನೆಗಳನ್ನು ಲೆಕ್ಕದಿಂದ ಒರೆಸಿ ಹಾಕುತ್ತಿದ್ದರು, ಆ ಮನೆಗಳಲ್ಲಿ ಕೂಸು ಹೇಗಿದೆ ಎಂದು ಕೇಳುತ್ತಲೂ ಇರಲಿಲ್ಲ. ಅಕ್ಕ ಮೊದಲು ಕೇಳಿದ್ದು ಅದನ್ನೇ. ಕೊನೆಗೆ ಒಂದು ಪುಟ ಬರೆದು ಮಂಡಳಿಗೂ ಅಕ್ಕನಿಗೂ ಕಳಿಸಿದೆ. ಅಕ್ಕ ಸಿಇಒ ಆಗಿಯೇ ಇರಲಿ. ಆದರೆ ಇನ್ನು ಮುಂದೆ ತಾಯಂದಿರಿಗೆ ಅವರು ಫೋನು ಮಾಡಬಾರದು. ಪಟ್ಟಿ ಹೊರಗೆ ಹೋಗುವುದನ್ನು ಗುಣಮಟ್ಟದ ಮುಖ್ಯಸ್ಥೆ ಯಾರನ್ನೂ ಕೇಳದೆ ನಿಲ್ಲಿಸಬಹುದು. ನಿಲ್ಲಿಸಿದರೆ, ಏಕೆ ನಿಂತಿತು ಎಂದು ಡಾಕ್ಟರಿಗೆ ಸಿಇಒ ಅವರೇ ಸ್ವತಃ ತಿಳಿಸಬೇಕು.

ಅಕ್ಕ ಆ ಪುಟ ಹಿಡಿದುಕೊಂಡು ಕೊಚ್ಚಿಗೇ ಬಂದರು. ಲ್ಯಾಬಿನಲ್ಲಿ ನನ್ನ ಎದುರು ಸ್ಟೂಲು ಎಳೆದು ಕೂತರು.

"ನನ್ನ ಮೇಲೆ ನಿನಗೆ ನಂಬಿಕೆ ಇಲ್ವಾ?"

ಊರಿನವಳಾಗಿ ಹೇಳಬೇಕಾದ ಉತ್ತರ ಬೇರೆ ಇತ್ತು. "ಇಲ್ಲ ಅಕ್ಕ" ಎಂದೆ.

"ತಾಯಂದಿರ ಹತ್ರ ಮಾತಾಡ್ಬಾರದು ಅಂದ್ರೆ ನಾನು ಇದನ್ನು ಮಾಡುದು ಯಾಕೆ ಮತ್ತೆ?"

"ಅವರ ಹತ್ತಿರ ಮಾತಾಡುವುದು ನಿಮಗೆ ಬೇಕಾಗಿತ್ತು. ಅವರಿಗೆ ಬೇಕಾದದ್ದು ಪಟ್ಟಿ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅವರು ಆ ಪುಟವನ್ನು ಇನ್ನೊಮ್ಮೆ ಕೊನೆಯವರೆಗೆ ಓದಿದರು. ಕೊನೆಗೆ ನನ್ನ ಪೆನ್ನು ಕೇಳಿ ತೆಗೆದುಕೊಂಡು ಸಹಿ ಹಾಕಿದರು. ಮಂಡಳಿಯೂ ಒಪ್ಪಿತು.

ಹೊಸ ರಬ್ಬರು ಬಂದದ್ದು ಒಂದೂವರೆ ತಿಂಗಳ ಮೇಲೆ. ಈ ಸಲ ಹನ್ನೆರಡು ಪಟ್ಟಿಗಳನ್ನು ಮನೆಯಲ್ಲಿ ಕಾಯಿಸಿದ ತೆಂಗಿನೆಣ್ಣೆ ಸವರಿ, ಮೈಯ ಶಾಖದಲ್ಲಿಟ್ಟು, ದಿನಾ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಮತ್ತೆ ಸವರಿ, ಇಪ್ಪತ್ತೊಂದು ದಿನ ನೋಡುವುದು ಎಂದು ಬರೆದಿಟ್ಟೆ. ಎರಡು ವಾರ ಎಲ್ಲವೂ ಸರಿಯಾಗಿದ್ದವು. ಡಾಕ್ಟರಿಗೆ ಸೋಮವಾರ ಹೊಸ ಪಟ್ಟಿ ತಲುಪಿಸುವುದಾಗಿ ಅಕ್ಕ ಮಾತು ಕೊಟ್ಟಾಗಿತ್ತು. ಹದಿನೆಂಟನೆಯ ದಿನ, ಶುಕ್ರವಾರ, ಒಂದು ಪಟ್ಟಿಯ ಗುಂಡಿ ಕೂದಲೆಳೆಯಷ್ಟು ಎದ್ದಿತ್ತು. ಉಗುರಿನಿಂದ ತಡವಿ ನೋಡಿದೆ, ಸಂದೇಹವಿಲ್ಲ. ಸೋಮವಾರಕ್ಕೆ ತುಂಬಿಟ್ಟಿದ್ದ ಡಬ್ಬಿಗಳ ಮೇಲೆ, ಹೊರಗೆ ಬಿಡಬಾರದು ಎಂಬ ಕೆಂಪು ಚೀಟಿ ಅಂಟಿಸಿ ಅಕ್ಕನಿಗೆ ತಿಳಿಸಿದೆ. ಅಂದು ಅವರು ಕೊಚ್ಚಿಯಲ್ಲೇ ಇದ್ದರು.

ಬಂದು ಪಟ್ಟಿ ನೋಡಿದರು. ವಾದ ಮಾಡಲಿಲ್ಲ. ಪಕ್ಕದ ಕೋಣೆಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದರು. ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ನಾಚಿಕೆಯೇನೂ ಆಗಲಿಲ್ಲ. ಸೋಮವಾರ ಆಗುವುದಿಲ್ಲ ಡಾಕ್ಟರ್, ಎಣ್ಣೆಯ ಪರೀಕ್ಷೆಯಲ್ಲಿ ಸ್ವಲ್ಪ ತೊಂದರೆ ಕಂಡಿದೆ, ಸರಿಮಾಡಿ ತಿಳಿಸುತ್ತೇವೆ ಎಂದು ಹೇಳಿ ಇಟ್ಟರು.

ಹೊರಗೆ ಬಂದವರು ನನ್ನನ್ನು ಕಂಡು ನಿಂತರು.

"ಕೇಳಿದ್ಯಾ?"

"ಕೇಳಿದೆ."

"ಎಲ್ಲಾ ಹೇಳಿದೆ ಅಲ್ವಾ?"

"ಇಲ್ಲ ಅಕ್ಕ. ಹನ್ನೆರಡರಲ್ಲಿ ಒಂದು ಅಂತ ಹೇಳಲಿಲ್ಲ. ಹದಿನೆಂಟನೇ ದಿನ ಅಂತಲೂ ಹೇಳಲಿಲ್ಲ. ಸ್ವಲ್ಪ ಅಂದಿರಿ."

ಅವರ ಮುಖ ಕೆಂಪಾಯಿತು. ಆಮೇಲೆ ಒಳಗೆ ಹೋಗದೆ, ನನ್ನೆದುರಿಗೇ ನಿಂತು, ಅದೇ ನಂಬರನ್ನು ಮತ್ತೆ ಒತ್ತಿದರು.